ಟ್ರ್ಯಾಕ್ಟರ್ ದುರಸ್ತಿಯ ವಾರಂಟಿ ವಿವಾದಗಳು: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

(ಚುನಾಯಿತ ಪ್ರತಿನಿಧಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಚರಂಡಿ, ಕುಡಿಯುವ ನೀರು, ಬೀದಿದೀಪ, ಇ-ಸ್ವತ್ತು ಇವುಗಳ ದೂರಿನೊಂದಿಗೆ ಸದಸ್ಯರ ಮನೆಬಾಗಿಲಿಗೆ ಬರುವ ಮತ್ತೊಂದು ಬಗೆಯ ದೂರು ಇದೆ. ಹೊಸ ಟ್ರ್ಯಾಕ್ಟರ್ ವರ್ಷ ತುಂಬುವ ಮೊದಲೇ ಕೆಟ್ಟು ನಿಂತಿದೆ; ವಾರಂಟಿ ಇದೆಯೆಂದು ಮಾರಿದ ಡೀಲರ್ ಈಗ ಇದು ವಾರಂಟಿಗೆ ಬರುವುದಿಲ್ಲ ಎನ್ನುತ್ತಿದ್ದಾರೆ; ಬಿತ್ತನೆಯ ಹದ ಕಳೆದುಹೋಗುತ್ತಿದೆ; ಸದಸ್ಯರು ಒಂದು ಮಾತು ಹೇಳಿಕೊಡಬೇಕು. ಇಂತಹ ವ್ಯಾಜ್ಯವನ್ನು ತೀರ್ಮಾನಿಸುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ಆದರೆ ಹಳ್ಳಿಯ ರೈತ ವಕೀಲರ ಬಳಿಗೆ ಹೋಗುವ ಮೊದಲು ಸದಸ್ಯರ ಬಳಿಗೆ ಬರುತ್ತಾನೆ. ಆ ಮೊದಲ ವಾರದಲ್ಲಿ ಅವನಿಗೆ ದೊರೆಯುವ ಸಲಹೆ ಸರಿಯಿದ್ದರೆ ಮುಂದಿನ ದಾರಿ ಸುಲಭವಾಗುತ್ತದೆ. ಸಲಹೆ ತಪ್ಪಿದರೆ ಸಾಕ್ಷ್ಯವೂ ಹೋಗುತ್ತದೆ, ಕಾಲಮಿತಿಯೂ ಹೋಗುತ್ತದೆ, ಕೆಲವೊಮ್ಮೆ ಟ್ರ್ಯಾಕ್ಟರೇ ಹೋಗುತ್ತದೆ.

ವಾರಂಟಿ ಎಂಬುದು ಡೀಲರ್ ಮಾಡುವ ಉಪಕಾರವಲ್ಲ. ಅದು ತಯಾರಕ ಕಂಪನಿಯು ಬರವಣಿಗೆಯಲ್ಲಿ ನೀಡಿದ ವಾಗ್ದಾನ. ಅದರ ಬೆಲೆ ಖರೀದಿಯ ಮೊತ್ತದಲ್ಲಿಯೇ ಅಡಗಿದೆ. ಆ ವಾಗ್ದಾನದ ಮಾತು ಹೇಗಿದ್ದರೂ ಅದರ ಕೆಳಗೆ ಕಾನೂನಿನ ನೆಲಗಟ್ಟು ಬೇರೆಯಾಗಿಯೇ ಇದೆ. ಖರೀದಿದಾರನು ತನ್ನ ಉದ್ದೇಶವನ್ನು ತಿಳಿಸಿ ವ್ಯಾಪಾರಿಯ ಪರಿಣತಿಯನ್ನು ನಂಬಿ ಕೊಂಡ ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂದು 1930ರ ಸರಕುಗಳ ಮಾರಾಟ ಅಧಿನಿಯಮದ 16ನೇ ಪ್ರಕರಣ ಹೇಳುತ್ತದೆ. ದೋಷಯುಕ್ತ ಸರಕು ಮತ್ತು ಸೇವಾ ನ್ಯೂನತೆ ಎರಡಕ್ಕೂ ಪರಿಹಾರ ಕೇಳುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ನೀಡಿದೆ. ಆದ್ದರಿಂದ ವಾರಂಟಿ ಪುಸ್ತಕದ ಸಣ್ಣ ಅಕ್ಷರಗಳೇ ಕೊನೆಯ ಮಾತೆಂದು ಭಾವಿಸಬೇಕಾಗಿಲ್ಲ. ಹಾಗೆಂದು ಅದನ್ನು ಓದದೆ ಇರುವುದೂ ಸಲ್ಲದು. ಹೆಚ್ಚಿನ ರೈತರು ಆ ಪುಸ್ತಕವನ್ನು ಮೊದಲ ಸಲ ಬಿಚ್ಚುವುದು ಟ್ರ್ಯಾಕ್ಟರ್ ಕೆಟ್ಟ ದಿನದಂದು.

ಅದರಲ್ಲಿ ಮೊದಲು ನೋಡಬೇಕಾದದ್ದು ಅವಧಿ. ವರ್ಷ ಮತ್ತು ಗಂಟೆ ಎರಡನ್ನೂ ಹೇಳಿ, ‘ಯಾವುದು ಮೊದಲೋ ಅದು’ ಎಂದು ಬರೆದಿರುತ್ತದೆ. ಎರಡು ವರ್ಷ ಅಥವಾ 2000 ಗಂಟೆ ಎಂದಿದ್ದಲ್ಲಿ, ದಿನಕ್ಕೆ ಎಂಟು ಗಂಟೆಯಂತೆ 250 ದಿನ ದುಡಿದ ಟ್ರ್ಯಾಕ್ಟರಿನ ವಾರಂಟಿ ಒಂದೇ ವರ್ಷದಲ್ಲಿ ಮುಗಿಯುತ್ತದೆ. ಐದು ವರ್ಷ, ಆರು ವರ್ಷ ಎಂದು ಗೋಡೆಯ ಮೇಲೆ ಬರೆಸುವ ಜಾಹೀರಾತುಗಳಲ್ಲಿ ನಂತರದ ವರ್ಷಗಳ ಭರವಸೆ ಎಂಜಿನ್ ಮತ್ತು ಗೇರ್ ಪೆಟ್ಟಿಗೆಯ ಕೆಲವು ಭಾಗಗಳಿಗೆ ಮಾತ್ರ ಸೀಮಿತವಾಗಿರುವುದುಂಟು. ಇಲ್ಲಿ ಅವರ್ ಮೀಟರಿನ ಬಗ್ಗೆಯೂ ಒಂದು ಮಾತು ಅಗತ್ಯ. ಎಲೆಕ್ಟ್ರಾನಿಕ್ ಮೀಟರ್ ಎಂಜಿನ್ ಚಾಲನೆಯಲ್ಲಿರುವ ನಿಜವಾದ ಸಮಯವನ್ನು ಎಣಿಸುತ್ತದೆ. ಹಳೆಯ ಮಾದರಿಯ ಯಾಂತ್ರಿಕ ಮೀಟರ್ ಹಾಗಲ್ಲ. ಎಂಜಿನ್ ನಿಗದಿತ ವೇಗದಲ್ಲಿ ತಿರುಗಿದಾಗ ಮಾತ್ರ ಗಡಿಯಾರದ ಒಂದು ಗಂಟೆಗೆ ಅಲ್ಲಿ ಒಂದು ಗಂಟೆ ಏರುತ್ತದೆ, ನಿಧಾನವಾಗಿ ತಿರುಗಿದರೆ ಕಡಿಮೆ ಏರುತ್ತದೆ. ಮೀಟರ್ ಕೆಟ್ಟಿದ್ದರೆ ಅದನ್ನು ಹಾಗೆಯೇ ಬಿಟ್ಟು ಓಡಿಸುವುದು ಬಹಳ ದುಬಾರಿಯಾದ ಅಲಕ್ಷ್ಯ. ವಾರಂಟಿ ನಿರಾಕರಿಸಲು ಅಷ್ಟೇ ಕಾರಣ ಸಾಕಾಗುತ್ತದೆ.

ಟೈರ್, ಬ್ಯಾಟರಿ, ಡೀಸೆಲ್ ಪಂಪ್, ಸ್ಟಾರ್ಟರ್ ಮುಂತಾದವನ್ನು ಟ್ರ್ಯಾಕ್ಟರ್ ಕಂಪನಿ ತಾನೇ ತಯಾರಿಸುವುದಿಲ್ಲ. ಅವುಗಳ ವಾರಂಟಿಯನ್ನು ಆಯಾ ತಯಾರಕರ ಹೊಣೆಗೆ ಬಿಡುವುದು ರೂಢಿ. ಕ್ಲಚ್ ಪ್ಲೇಟ್, ಬ್ರೇಕ್ ಲೈನರ್, ಫಿಲ್ಟರ್, ರಬ್ಬರ್ ಭಾಗಗಳು ಸಹಜ ಸವೆತದ ಪಟ್ಟಿಗೆ ಸೇರುತ್ತವೆ. ಇವುಗಳ ಬಗ್ಗೆ ಜಗಳಕ್ಕಿಳಿಯುವುದರಿಂದ ಪ್ರಯೋಜನ ಕಡಿಮೆ. ನಿಜವಾದ ವಿವಾದ ಹುಟ್ಟುವುದು ಎಂಜಿನ್, ಗೇರ್ ಪೆಟ್ಟಿಗೆ, ಹೈಡ್ರಾಲಿಕ್ ಇವುಗಳ ವಿಷಯದಲ್ಲಿ. ಅಲ್ಲಿ ಭಾಗ ವಾರಂಟಿಗೆ ಸೇರಿದೆಯೆಂಬುದನ್ನು ಕಂಪನಿ ಒಪ್ಪುತ್ತದೆ. ಕೆಟ್ಟ ಕಾರಣವನ್ನು ಮಾತ್ರ ರೈತನ ಮೇಲೆ ಹೊರಿಸುತ್ತದೆ.

ಇದನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ರೈತನೊಬ್ಬ ಕೊಂಡ 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಒಂಬತ್ತು ತಿಂಗಳಲ್ಲಿ 640 ಗಂಟೆ ಓಡಿದೆ ಎಂದಿಟ್ಟುಕೊಳ್ಳೋಣ. ಎಂಜಿನ್ ಆಯಿಲ್ ಬೇಗ ಇಳಿಯತೊಡಗುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಎಳೆತ ಕುಗ್ಗುತ್ತದೆ. ಶೋರೂಮಿನಲ್ಲಿ ಎಂಜಿನ್ ಬಿಚ್ಚಿದಾಗ ಪಿಸ್ಟನ್ ರಿಂಗು ಮತ್ತು ಲೈನರುಗಳು ಸವೆದಿರುವುದು ಕಾಣುತ್ತದೆ. ‘ಧೂಳು ಒಳಗೆ ಹೋಗಿದೆ, ಏರ್ ಕ್ಲೀನರ್ ಸರಿಯಾಗಿ ನೋಡಿಕೊಂಡಿಲ್ಲ, ಇದು ನಿಮ್ಮ ಅಲಕ್ಷ್ಯ’ ಎಂಬ ಉತ್ತರ ಬರುತ್ತದೆ. ಖರ್ಚಿನ ಅಂದಾಜುಪಟ್ಟಿಯನ್ನು ರೈತನ ಕೈಗೆ ಕೊಡಲಾಗುತ್ತದೆ.

ಈ ಉತ್ತರದಲ್ಲಿ ಅರ್ಧ ಮಾತ್ರ ನಿಜವಿದೆ. ಇಷ್ಟು ಕಡಿಮೆ ಗಂಟೆಗಳಲ್ಲಿ ರಿಂಗು ಮತ್ತು ಲೈನರು ಹೀಗೆ ಸವೆದರೆ ಧೂಳೇ ಕಾರಣವಿರುವ ಸಂಭವ ಹೆಚ್ಚು. ಆದರೆ ಧೂಳು ಒಳಗೆ ಹೋದದ್ದು ಯಾವ ದಾರಿಯಿಂದ? ಏರ್ ಕ್ಲೀನರಿನ ಬಟ್ಟಲಲ್ಲಿ ಆಯಿಲ್ ಇಲ್ಲದಿದ್ದರೆ, ಅಥವಾ ಒಣ ಫಿಲ್ಟರಿನ ಕಾಗದ ಹರಿದಿದ್ದರೆ, ಹೊಣೆ ಮಾಲೀಕನದು. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸಿನ ಕ್ಲಿಪ್ ಸಡಿಲವಾಗಿದ್ದರೆ, ಅಥವಾ ಹೋಸ್ ಸೀಳಿದ್ದರೆ, ಫಿಲ್ಟರ್ ಎಷ್ಟು ಶುಚಿಯಾಗಿದ್ದರೂ ಧೂಳು ಅದನ್ನು ಮುಟ್ಟದೆಯೇ ನೇರವಾಗಿ ಒಳಗೆ ಹೋಗುತ್ತದೆ. ಆ ಕ್ಲಿಪ್ ಬಿಗಿಯಾಗಿದೆಯೇ ಎಂದು ನೋಡುವುದು ಜೋಡಣೆಯ ಕಾಲದಲ್ಲಿ ಕಾರ್ಖಾನೆಯ ಕೆಲಸ. ಹಸ್ತಾಂತರದ ಮುನ್ನ ಹಾಗೂ ಮೊದಲ ಸರ್ವೀಸಿನಲ್ಲಿ ಅದು ಡೀಲರನ ಕೆಲಸ. ಲಕ್ಷಣ ಒಂದೇ ಆದರೂ ಹೊಣೆಗಾರರು ಬೇರೆ ಬೇರೆ. ಅದನ್ನು ಬೇರ್ಪಡಿಸುವ ಗುರುತು ಹೋಸಿನ ಒಳಮೈಯಲ್ಲಿ ಇರುತ್ತದೆ. ಫಿಲ್ಟರ್ ದಾಟಿದ ನಂತರದ ಜೋಡಣೆಯ ಬಳಿಯಿಂದಲೇ ಧೂಳಿನ ಗೆರೆ ಶುರುವಾಗಿದ್ದರೆ ಅದು ಬಹಳಷ್ಟನ್ನು ಹೇಳುತ್ತದೆ. ಬಳಸಿದ ಆಯಿಲನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಸಿಲಿಕಾನ್ ಅಂಶದಿಂದ ಧೂಳು ಹೋದದ್ದು ಗೊತ್ತಾಗುತ್ತದೆ, ಹೋದ ದಾರಿ ಗೊತ್ತಾಗುವುದಿಲ್ಲ.

ದುರಂತವೆಂದರೆ, ಎಂಜಿನ್ ಬಿಚ್ಚುವ ಮೆಕ್ಯಾನಿಕ್ ಮೊತ್ತಮೊದಲು ತೆಗೆದು ಬದಿಗಿಡುವುದು ಅದೇ ಹೋಸನ್ನು. ಒರಸಿ ಇಟ್ಟರೆ ಮುಗಿಯಿತು. ಆದುದರಿಂದ ಸದಸ್ಯರು ನೀಡಬಹುದಾದ ಅತ್ಯಂತ ಬೆಲೆಯುಳ್ಳ ಸಲಹೆ ಇಷ್ಟು: ಎಂಜಿನ್ ಬಿಚ್ಚುವ ಸಮಯದಲ್ಲಿ ಮಾಲೀಕನು ಹಾಜರಿರಲಿ, ಬಿಚ್ಚುವ ಮೊದಲು ಮತ್ತು ಬಿಚ್ಚುವಾಗ ಮೊಬೈಲಿನಲ್ಲಿ ಚಿತ್ರೀಕರಿಸಲಿ, ಅವರ್ ಮೀಟರ್ ಹಾಗೂ ಚಾಸಿಸ್ ಸಂಖ್ಯೆ ಆ ಚಿತ್ರದಲ್ಲಿ ಇರಲಿ. ವಾರಂಟಿಯಲ್ಲಿ ಬದಲಾಯಿಸಿದ ಹಳೆಯ ಭಾಗ ಸಾಮಾನ್ಯವಾಗಿ ಕಂಪನಿಗೆ ಸೇರುತ್ತದೆ. ವಾರಂಟಿಯನ್ನು ನಿರಾಕರಿಸಿ ಹಣ ಕಟ್ಟಿಸಿಕೊಂಡಿದ್ದರೆ ಹಳೆಯ ಭಾಗ ರೈತನದೇ. ಅದನ್ನು ಗುಜರಿಗೆ ಹಾಕದೆ ಚೀಲದಲ್ಲಿ ಕಟ್ಟಿ ಮನೆಯಲ್ಲಿಡಬೇಕು.

ಅಲಕ್ಷ್ಯದ ಆರೋಪಕ್ಕೆ ಇನ್ನೂ ಕೆಲವು ಮುಖಗಳಿವೆ. ಕಬ್ಬಿನ ಸೀಮೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿ ಎಳೆಸಿದ್ದು, ಭತ್ತದ ಸೀಮೆಯಲ್ಲಿ ಕೇಜ್ ವ್ಹೀಲ್ ಹಾಕಿ ಆಳ ಕೆಸರಿಗೆ ಇಳಿಸಿದ್ದು, ಟ್ರ್ಯಾಕ್ಟರಿನ ಶಕ್ತಿ ಮೀರಿದ ರೋಟವೇಟರ್ ಜೋಡಿಸಿದ್ದು ಇವೆಲ್ಲ ನಿರಾಕರಣೆಯ ಕಾರಣಗಳಾಗಿ ಬರುತ್ತವೆ. ಭತ್ತದ ಗದ್ದೆಗಾಗಿಯೇ ಎಂದು ಮಾರಿದ ಯಂತ್ರ ಕೆಸರಿಗೆ ಇಳಿದದ್ದನ್ನು ತಪ್ಪೆಂದು ಹೇಳಲಾಗದು. 16ನೇ ಪ್ರಕರಣದ ಬಲ ಇಲ್ಲಿ ದೊರೆಯುತ್ತದೆ. ಮಿತಿಮೀರಿದ ಕಬ್ಬಿನ ಭಾರದ ವಿಷಯದಲ್ಲಿ ಮಾತ್ರ ರೈತನ ವಾದ ದುರ್ಬಲ. ಸದಸ್ಯರು ಅದನ್ನು ಮುಚ್ಚಿಡದೆ ಹೇಳುವುದೇ ಒಳ್ಳೆಯದು.

ಹೊರಗಿನ ಮೆಕ್ಯಾನಿಕ್ ಮುಟ್ಟಿದರೆ ವಾರಂಟಿ ಹೋಯಿತು ಎಂಬ ಷರತ್ತು ಎಲ್ಲಕ್ಕಿಂತ ಕಠಿಣವಾದದ್ದು. ಅಧಿಕೃತ ಸರ್ವೀಸ್ ಕೇಂದ್ರ ತಾಲ್ಲೂಕು ಕೇಂದ್ರದಲ್ಲಿಯೂ ಇಲ್ಲದಿರಬಹುದು. ಮಳೆ ಬಿದ್ದು ಹೊಲ ಹದಕ್ಕೆ ಬಂದಿರುವಾಗ ‘ಮೂರು ದಿನ ಬಿಟ್ಟು ಬರುತ್ತೇವೆ’ ಎಂಬ ಉತ್ತರ ಕೇಳಿದ ರೈತ ಊರಿನ ಮೆಕ್ಯಾನಿಕ್‌ನನ್ನು ಕರೆಯುವುದು ಸಹಜ. ಕರೆಯುವ ಮೊದಲು ಕಂಪನಿಯ ಉಚಿತ ದೂರವಾಣಿಗೆ ದೂರು ನೀಡಿ ಅದರ ಸಂಖ್ಯೆಯನ್ನು ಬರೆದುಕೊಂಡಿರಬೇಕು. ಡೀಲರನಿಗೆ ವಾಟ್ಸ್‌ಆ್ಯಪ್ ಸಂದೇಶ ಹಾಕಿ ಯಾರೂ ಬರಲಿಲ್ಲವೆಂಬುದನ್ನು ದಿನಾಂಕದೊಂದಿಗೆ ದಾಖಲಿಸಿರಬೇಕು. ಸೀಲ್ ಮಾಡಿದ ಭಾಗಗಳಿಗೆ ಕೈ ಹಾಕಬಾರದು. ಹೀಗೆ ಮಾಡಿದ್ದರೆ ಪ್ರಶ್ನೆಯೇ ತಿರುಗುತ್ತದೆ. ಹೊರಗಿನವರು ಮುಟ್ಟಿದ್ದು ಏಕೆ ಎಂಬುದರ ಬದಲು ಅಧಿಕೃತರು ಬರಲಿಲ್ಲವೇಕೆ ಎಂದು ಕೇಳಬೇಕಾಗುತ್ತದೆ.

ಕಾಗದಪತ್ರಗಳ ಪೈಕಿ ಜಾಬ್ ಕಾರ್ಡಿಗೆ ಇರುವಷ್ಟು ತೂಕ ಬೇರೆ ಯಾವುದಕ್ಕೂ ಇಲ್ಲ. ಪ್ರತಿ ಭೇಟಿಯಲ್ಲಿ ರೈತ ಹೇಳಿದ ದೂರು ಅದರಲ್ಲಿ ಅವನ ಮಾತಿನಲ್ಲಿಯೇ ಬರೆಯಲ್ಪಡಬೇಕು. ‘ಗೇರ್ ತಾನಾಗಿ ಜಾರುತ್ತದೆ’ ಎಂದು ಹೇಳಿದ್ದನ್ನು ‘ಜನರಲ್ ಚೆಕಪ್’ ಎಂದು ಬರೆದುಕೊಂಡಿದ್ದರೆ ಅದೇ ದೋಷಕ್ಕಾಗಿ ಐದು ಸಲ ಶೋರೂಮಿಗೆ ಹೋದದ್ದಕ್ಕೆ ದಾಖಲೆಯೇ ಉಳಿಯುವುದಿಲ್ಲ. ಗಾಡಿ ಹೊರಗೆ ಬಿಡುವ ಮೊದಲು ‘ಕೆಲಸ ತೃಪ್ತಿಕರ’ ಎಂಬಲ್ಲಿ ಸಹಿ ಪಡೆಯುವುದು ಎಲ್ಲೆಡೆ ಇರುವ ಪದ್ಧತಿ. ಅಲ್ಲಿ ‘ಹೊಲದಲ್ಲಿ ಓಡಿಸಿ ನೋಡಿದ ನಂತರ ತಿಳಿಸಲಾಗುವುದು’ ಎಂದು ಬರೆದು ಸಹಿ ಮಾಡಲು ಯಾವ ಅಡ್ಡಿಯೂ ಇಲ್ಲ. ಅರ್ಧ ಖರ್ಚು ಕಂಪನಿ ಭರಿಸುತ್ತದೆ, ಉಳಿದರ್ಧ ನೀವು ಕೊಡಿ ಎಂಬ ಪ್ರಸ್ತಾಪ ಬಂದಾಗ ಕೆಲಸದ ತುರ್ತಿನಿಂದ ಹಣ ಕಟ್ಟಲೇಬೇಕಾದರೆ, ‘ಹಕ್ಕನ್ನು ಕಾಯ್ದಿರಿಸಿಕೊಂಡು ಪಾವತಿಸಲಾಗಿದೆ’ ಎಂದು ಬಿಲ್ಲಿನ ಮೇಲೆ ಬರೆಯಬೇಕು. ವಾರಂಟಿ ನಿರಾಕರಣೆಯನ್ನು ಕಾರಣಸಹಿತವಾಗಿ ಬರವಣಿಗೆಯಲ್ಲಿ ಕೇಳಬೇಕು. ಕೊಡದಿದ್ದರೆ ಕೇಳಿದ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು.

ಇನ್ನು ಏನು ಕೇಳಬಹುದು ಎಂಬ ವಿಷಯ. ‘ಹೊಸ ಟ್ರ್ಯಾಕ್ಟರ್ ಕೊಡಿಸಿ’ ಎಂಬುದು ರೈತನ ಮೊದಲ ಮಾತು. 2006ರಲ್ಲಿ ಮಾರುತಿ ಉದ್ಯೋಗ ಕಂಪನಿಯ ಕಾರೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಮಾತಿನಂತೆ ಕಂಪನಿಯ ಹೊಣೆ ದೋಷವುಳ್ಳ ಭಾಗವನ್ನು ಸರಿಪಡಿಸುವುದು ಅಥವಾ ಬದಲಿಸುವುದಕ್ಕೆ ಸೀಮಿತವೆಂದು ಹೇಳಿ, ಇಡೀ ವಾಹನ ಬದಲಿಸಬೇಕೆಂಬ ಆದೇಶವನ್ನು ತೆಗೆದುಹಾಕಿತು. ಆದರೆ ಗ್ರಾಹಕನಿಗೆ ಪರಿಹಾರದ ಮೊತ್ತ ಕೊಡಿಸಿತು. ಮತ್ತೆ ಮತ್ತೆ ರಿಪೇರಿ ಮಾಡಿದರೂ ಹೋಗದ ಮೂಲ ದೋಷವೆಂದು ತಜ್ಞರ ವರದಿಯಿಂದ ಸಾಬೀತಾದಲ್ಲಿ ಬದಲಿ ಅಥವಾ ಹಣ ವಾಪಸಾತಿ ಕೇಳಲು ಈಗಿನ ಅಧಿನಿಯಮದಲ್ಲಿ ಅವಕಾಶವಿದೆ. ಭಾಗದ ಬದಲಾವಣೆ, ಕಟ್ಟಿದ ಹಣ, ಟ್ರ್ಯಾಕ್ಟರ್ ನಿಂತ ದಿನಗಳಲ್ಲಿ ಬಾಡಿಗೆ ಉಳುಮೆಗೆ ತೆತ್ತ ಖರ್ಚು ಇವನ್ನು ಕೇಳುವ ದೂರು ಗೆಲ್ಲುವ ಸಾಧ್ಯತೆ ಹೆಚ್ಚು. ಬಾಡಿಗೆ ಉಳುಮೆಗೆ ಚೀಟಿ ಪಡೆಯುವ ಅಭ್ಯಾಸ ಹಳ್ಳಿಗಳಲ್ಲಿ ಇಲ್ಲ. ಫೋನಿನ ಮೂಲಕ ಹಣ ಕಳುಹಿಸಿದ್ದರೆ ಅದೇ ದಾಖಲೆಯಾಗುತ್ತದೆ.

ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವು 50 ಲಕ್ಷ ರೂಪಾಯಿವರೆಗಿನ ಖರೀದಿಯ ದೂರುಗಳನ್ನು ವಿಚಾರಿಸುತ್ತದೆ. ಪಾವತಿಸಿದ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. 5ರಿಂದ 10 ಲಕ್ಷದವರೆಗೆ 200 ರೂಪಾಯಿ. ವಾರಂಟಿ ಪುಸ್ತಕದಲ್ಲಿ ಯಾವುದೋ ದೂರದ ಮಹಾನಗರದ ನ್ಯಾಯಾಲಯಕ್ಕೆ ಮಾತ್ರ ಅಧಿಕಾರವೆಂದು ಅಚ್ಚಾಗಿರುವುದನ್ನು ಕಂಡು ರೈತರು ಹಿಂಜರಿಯುತ್ತಾರೆ. ದೂರುದಾರನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದೆಂದು ಅಧಿನಿಯಮದ 34ನೇ ಪ್ರಕರಣ ಸ್ಪಷ್ಟಪಡಿಸಿದೆ. ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು. ಒಬ್ಬರನ್ನು ಬಿಟ್ಟರೆ ಹಾಜರಿರುವವರು ಹಾಜರಿಲ್ಲದವರ ಕಡೆಗೆ ಬೆರಳು ತೋರಿಸುತ್ತಾರೆ. ವಕೀಲರಿಲ್ಲದೆ ಸ್ವತಃ ವಾದಿಸಬಹುದು. ಅರ್ಹರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಪಡೆಯಬಹುದು. ದೂರು ಸಲ್ಲಿಸುವ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಕಂಪನಿಗೆ ನೇರವಾಗಿ ವಿಷಯ ತಲುಪುತ್ತದೆ. ಪರೀಕ್ಷೆಯಿಲ್ಲದೆ ದೋಷ ತಿಳಿಯದಂತಹ ಸಂದರ್ಭದಲ್ಲಿ ಪ್ರಯೋಗಾಲಯದ ವರದಿ ತರಿಸುವ ಅಧಿಕಾರವನ್ನು 38ನೇ ಪ್ರಕರಣ ಆಯೋಗಕ್ಕೆ ಕೊಟ್ಟಿದೆ. ಟ್ರ್ಯಾಕ್ಟರನ್ನು ಚೀಲದಲ್ಲಿ ಕಟ್ಟಿ ಕಳುಹಿಸಲಾಗದಾದ್ದರಿಂದ, ಮೆಕ್ಯಾನಿಕಲ್ ಅಥವಾ ಕೃಷಿ ಎಂಜಿನಿಯರಿಂಗ್ ಬಲ್ಲ ತಜ್ಞರನ್ನು ನೇಮಿಸುವಂತೆ ಆರಂಭದಲ್ಲಿಯೇ ಅರ್ಜಿ ಸಲ್ಲಿಸುವುದು ಉಚಿತ. ತಜ್ಞರ ವರದಿಯಿಲ್ಲದೆ ತಯಾರಿಕಾ ದೋಷ ಸಾಬೀತಾಗುವುದು ಕಷ್ಟ.

ಟ್ರ್ಯಾಕ್ಟರ್ ವಾಣಿಜ್ಯ ಉದ್ದೇಶಕ್ಕೆ ಬಳಕೆಯಾಗಿದೆ, ಆದ್ದರಿಂದ ಈತ ಗ್ರಾಹಕನೇ ಅಲ್ಲ ಎಂಬ ಆಕ್ಷೇಪ ಬರಬಹುದು. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲು ಕೊಂಡು ಬಳಸಿದ ಸರಕು ವಾಣಿಜ್ಯ ಉದ್ದೇಶದ್ದಲ್ಲವೆಂದು ಅಧಿನಿಯಮದ ವಿವರಣೆಯೇ ಹೇಳುತ್ತದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಾನೇ ಓಡಿಸಿ ಬದುಕುವುದಕ್ಕಾಗಿ ಆಟೋ ಕೊಂಡವನು ಗ್ರಾಹಕನೆಂದೂ, ಒಬ್ಬಿಬ್ಬರ ನೆರವು ಪಡೆದ ಮಾತ್ರಕ್ಕೆ ಆ ಸ್ಥಾನ ಹೋಗುವುದಿಲ್ಲವೆಂದೂ ತಿಳಿಸಿತು. ಬಿತ್ತನೆ ಬೀಜ ಕೊಂಡ ರೈತರು ಗ್ರಾಹಕರೆಂಬುದನ್ನು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿದಿದೆ. ತನ್ನ ಹೊಲ ಉತ್ತು ಬಿಡುವಿನಲ್ಲಿ ನೆರೆಯವರ ಹೊಲ ಉಳುವ ರೈತನಿಗೆ ಈ ತೀರ್ಪುಗಳ ಆಸರೆ ಸಿಗುತ್ತದೆ. ನಾಲ್ಕಾರು ಟ್ರ್ಯಾಕ್ಟರ್ ಇಟ್ಟು ಚಾಲಕರಿಂದ ಬಾಡಿಗೆ ದುಡಿಸುವವರ ವಿಷಯ ಬೇರೆ.

ಸಾಲದ ಕಂತಿನ ವಿಷಯದಲ್ಲಿ ಊರಿನಲ್ಲಿ ಪ್ರಚಲಿತವಿರುವ ಒಂದು ಸಲಹೆ ಅಪಾಯಕಾರಿ. ‘ಗಾಡಿ ಸರಿಮಾಡುವ ತನಕ ಕಂತು ಕಟ್ಟಬೇಡ, ತಾವೇ ಓಡಿ ಬರುತ್ತಾರೆ’ ಎಂದು ಹೇಳುವವರು ಬಹಳ. ಸಾಲ ಕೊಟ್ಟ ಬ್ಯಾಂಕು ಅಥವಾ ಫೈನಾನ್ಸ್ ಸಂಸ್ಥೆಯ ಕರಾರು ಬೇರೆ, ಕಂಪನಿಯ ವಾರಂಟಿ ಬೇರೆ. ಕಂತು ನಿಂತರೆ ಓಡಿ ಬರುವವರು ವಸೂಲಿಗಾರರು. ಟ್ರ್ಯಾಕ್ಟರ್ ಅವರ ವಶವಾದರೆ ದೋಷ ಪರೀಕ್ಷಿಸಲು ಯಂತ್ರವೇ ಕೈಯಲ್ಲಿ ಉಳಿಯುವುದಿಲ್ಲ. ಕಂತಿಗೆ ಕಾಲಾವಕಾಶ ಬೇಕಿದ್ದರೆ ಜಾಬ್ ಕಾರ್ಡಿನ ಪ್ರತಿ ಲಗತ್ತಿಸಿ ಬ್ಯಾಂಕಿಗೆ ಮುಂಚಿತವಾಗಿಯೇ ಅರ್ಜಿ ಕೊಡಬೇಕು.

ಸದಸ್ಯರ ಸ್ವಂತ ಪಾತ್ರದ ಬಗ್ಗೆ ಹೇಳಲೇಬೇಕಾದ ಸಂಗತಿಯೊಂದಿದೆ. ಡೀಲರ್ ಹತ್ತಿರದ ಪಟ್ಟಣದವರು, ಪರಿಚಿತರು, ಕೆಲವೊಮ್ಮೆ ನೆಂಟರು. ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸೋಣ ಎಂಬ ಸದುದ್ದೇಶದಿಂದ ಸದಸ್ಯರು ಮುಂದಾಗುತ್ತಾರೆ. ಮುಂದಿನ ವಾರ, ಹಬ್ಬ ಕಳೆಯಲಿ, ಕಂಪನಿಯ ಎಂಜಿನಿಯರ್ ಬರಲಿ ಎಂದು ಮಾತು ಮುಂದೆ ಹೋಗುತ್ತದೆ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕೆಂದು 69ನೇ ಪ್ರಕರಣ ವಿಧಿಸಿದೆ. ಕಟ್ಟೆಯ ಮಾತುಕತೆಯಿಂದಾಗಲಿ ಪತ್ರ ವ್ಯವಹಾರದಿಂದಾಗಲಿ ಆ ಗಡುವು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ತಡಕ್ಕೆ ಸಾಕಷ್ಟು ಕಾರಣವಿದ್ದರೆ ಆಯೋಗ ಮನ್ನಿಸಬಹುದು. ಅದು ಆಯೋಗದ ವಿವೇಚನೆ. ಆದ್ದರಿಂದ ರಾಜಿ ಮಾಡಿಸುವ ಸದಸ್ಯರು ಮೊದಲ ದಿನವೇ ಕೊನೆಯ ದಿನವನ್ನು ಗೊತ್ತುಮಾಡುವುದು ಉತ್ತಮ. ಒಪ್ಪಂದವಾದರೆ ಏನು ಬದಲಿಸಬೇಕು, ಎಷ್ಟು ದಿನದಲ್ಲಿ, ಬದಲಿಸಿದ ಭಾಗಕ್ಕೆ ಮತ್ತೆಷ್ಟು ಅವಧಿಯ ವಾರಂಟಿ ಎಂಬುದು ಬರವಣಿಗೆಯಲ್ಲಿ ಇರತಕ್ಕದ್ದು. ಕೆಟ್ಟು ನಿಂತ ಯಂತ್ರದ ಸ್ಥಿತಿ, ದಿನಾಂಕ, ಮೀಟರಿನ ಅಂಕಿ ಇವನ್ನು ನೋಡಿ ಸಾಕ್ಷಿಯಾಗಿ ಸಹಿ ಹಾಕುವುದು ಸದಸ್ಯರಿಗೆ ಶೋಭಿಸುವ ಕೆಲಸ. ‘ತಯಾರಿಕಾ ದೋಷದಿಂದ ಕೆಟ್ಟಿದೆ’ ಎಂದು ಪಂಚಾಯಿತಿಯ ಕಾಗದದಲ್ಲಿ ಬರೆದುಕೊಡುವುದು ಸಲ್ಲದು. ಅದಕ್ಕೆ ಆಯೋಗದಲ್ಲಿ ಬೆಲೆಯಿಲ್ಲ.

ಮುಂದಿನ ದಿನಗಳಲ್ಲಿ ಈ ವಿವಾದಗಳ ಸ್ವರೂಪ ಬದಲಾಗಲಿದೆ. 2023ರ ಜನವರಿ 1ರಿಂದ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಹೊಗೆ ಮಾನದಂಡ ಜಾರಿಯಾಗಿದೆ. ಈ ಎಂಜಿನ್‌ಗಳಲ್ಲಿ ಡೀಸೆಲ್ ಸಿಂಪಡಣೆಯನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ದೋಷ ಓದುವ ಸಾಧನ ಡೀಲರನ ಬಳಿ ಮಾತ್ರ ಇದ್ದರೆ ಊರಿನ ಮೆಕ್ಯಾನಿಕ್ ಎಷ್ಟೇ ನುರಿತವನಾದರೂ ನೋಡುತ್ತ ನಿಲ್ಲಬೇಕಾಗುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿ ಜಾಲತಾಣವನ್ನು ಆರಂಭಿಸಿತು. ಆಯ್ದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರೋಪಕರಣವೂ ಒಂದು. ಇಂತಹ ಟ್ರ್ಯಾಕ್ಟರ್ ಕೆಟ್ಟಾಗ ಪರದೆಯ ಮೇಲೆ ಕಂಡ ದೋಷ ಸಂಖ್ಯೆಯನ್ನು ಅಳಿಸುವ ಮೊದಲು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು.

ಕೊನೆಯದಾಗಿ ಪಂಚಾಯಿತಿಯ ಸ್ವಂತ ವಾಹನಗಳು. ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್, ಕಸ ಸಾಗಿಸುವ ಸ್ವಚ್ಛ ವಾಹಿನಿ ಇವೂ ವಾರಂಟಿಯೊಂದಿಗೇ ಬಂದಿವೆ. ವಾರಂಟಿ ಅವಧಿಯಲ್ಲಿ ಹೊರಗೆ ಮಾಡಿಸಿದ ದುರಸ್ತಿಯ ಬಿಲ್ಲು ಸಾಮಾನ್ಯ ಸಭೆಯ ಮುಂದೆ ಬಂದಾಗ, ಇದನ್ನು ಡೀಲರ್ ಉಚಿತವಾಗಿ ಮಾಡಬೇಕಿತ್ತಲ್ಲವೇ ಎಂದು ಕೇಳುವುದು ಸದಸ್ಯರ ಹಕ್ಕು. ಅದಕ್ಕೆ ಉತ್ತರ ದೊರೆಯಬೇಕಾದರೆ ವಾಹನದ ಲಾಗ್ ಪುಸ್ತಕದಲ್ಲಿ ಪ್ರತಿದಿನದ ಮೀಟರಿನ ಅಂಕಿ, ಆಯಿಲ್ ಬದಲಿಸಿದ ದಿನ, ಸರ್ವೀಸಿನ ದಿನ ನಮೂದಾಗಿರಬೇಕು. ವಾರಂಟಿ ಪುಸ್ತಕದ ಒಂದು ಪ್ರತಿ ಚಾಲಕರ ಬಳಿಯಲ್ಲಿಯೂ ಮೂಲ ಪ್ರತಿ ಕಚೇರಿಯ ಕಡತದಲ್ಲಿಯೂ ಇರಬೇಕು. ಮುಂದಿನ ಸಾಮಾನ್ಯ ಸಭೆಯ ದಿನ ಆ ಕಡತವನ್ನು ತರಿಸಿ, ವಾರಂಟಿ ಮುಗಿಯುವ ದಿನಾಂಕ ಮತ್ತು ಗಂಟೆಗಳನ್ನು ನಡಾವಳಿಯಲ್ಲಿ ದಾಖಲಿಸಿಕೊಳ್ಳಬಹುದು.